ಊಟೆ, ಎರಡೂ ಬದಿ

ಅವಳ ಹೆಸರು ಊಟೆ.
ಖಲಂದರ್ ಸಾಬರು ಮೊದಲ ದಿನ ಹೇಳಿದಾಗ
ರೀಲಿಂಗ್ ಖಾತೆಯ ಹೆಂಗಸರೆಲ್ಲ ನಕ್ಕುಬಿಟ್ಟೆವು:
ಊಟ ಆತೇನ್ರೀ? ಆತು, ಜರ್ಮನಿಯಾಗೆ ಆತು.

ಹೊಸ ರಿಂಗ್ ಫ್ರೇಮು ಕೂರಿಸಲು ಬಂದ ಇಂಜಿನಿಯರು
ಆರು ತಿಂಗಳು ಪಿ.ಬಿ. ರಸ್ತೆಯ ಲಾಡ್ಜಿನಲ್ಲಿದ್ದು
ಮೆಣಸಿನಕಾಯಿಗೆ ಅತ್ತು, ಮಂಡಕ್ಕಿಗೆ ಒಗ್ಗಿ,
ಹೋಗುವಾಗ ಫಿಟರ್ ಸಾಬರ ಕೈಗಿಟ್ಟದ್ದು
ಒಂದು ಸ್ಪ್ಯಾನರ್ ಸೆಟ್ಟು, ಮೂರು ಕ್ಯಾಸೆಟ್ಟು.

ಮೂರರ ಮೇಲೂ ಅವಳದೇ ಮುಖ.
ಇಸವಿ ಓದಲು ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ.
ಕೂದಲಿನ ಉದ್ದ ನೋಡಿ ಅವಳ ಬದುಕನ್ನು ಅಳೆದೆವು.

ಎಪ್ಪತ್ತಮೂರು. ಸೊಂಟದವರೆಗೆ ಕೂದಲು, ಚರ್ಮದ ಅಂಗಿ,
ಹಿಂದೆ ನಾಲ್ಕು ಜನ ಮೀಸೆಯವರು.
ಬ್ಲೋ ರೂಮಿನಲ್ಲಿ ಅರಳೆ ಸೀಳುವಂಥ ಗಿಟಾರು.
ಹಾಡಿದ್ದೆಲ್ಲಿ, ಯಾರನ್ನೋ ಬೈಯುತ್ತಿದ್ದಳು;
ನಮ್ಮ ಜಾಬರನ್ನೇ ಬೈದಂತೆ ಕೇಳಿಸಿತು.
ಇನ್ನೊಮ್ಮೆ ಹಾಕ್ರಿ ಅಂದೆವು.

ಎಪ್ಪತ್ತೊಂಬತ್ತು. ಭುಜದ ಮಟ್ಟಕ್ಕೆ ಕೂದಲು, ತುಟಿಗೆ ಬಣ್ಣ,
ಮೀಸೆಯವರಲ್ಲಿ ಒಬ್ಬನೂ ಇಲ್ಲ.
ದನಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರು.
"ದುಡ್ಡು ಬಂದೈತೆ ಅವಳಿಗೆ," ಅಂದಳು ಹಾಲಮ್ಮ,
"ಯಾರೋ ಕುತ್ತಿಗೆ ಹಿಡಕಂಡು ಹಾಡಿಸ್ತಾರೆ."
ಸಾಬರು ಆ ಟೇಪು ಹೆಚ್ಚು ಹಾಕುತ್ತಿರಲಿಲ್ಲ.
ನನಗದೇ ಇಷ್ಟ. ಇಪ್ಪತ್ತೆರಡು ವರ್ಷ ನನಗೆ;
ಕಾಲು ತಾನಾಗಿ ತಾಳ ಹಾಕುತ್ತಿತ್ತು.

ಆಮೇಲೆ ಆರು ವರ್ಷ ಏನೂ ಇಲ್ಲ.

ಎಂಬತ್ತೈದು. ಮುಡಿ ಕೊಟ್ಟು ಬಂದವಳ ಹಾಗೆ ತಲೆ.
ಒಂದೇ ಪಿಯಾನೋ, ಅದೂ ಅಪರೂಪಕ್ಕೆ.
ಹಾಡಿಗೆ ಮುಂಚೆ ಅವಳು ಉಸಿರೆಳೆದದ್ದು ಕೇಳುತ್ತಿತ್ತು.
ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಳ ಸದ್ದು ಮಾಡದಂತೆ
ತೆರೆಯುವುದನ್ನು ಕಲಿತೆವು.

ಒಂದು ದಿನ ಯಂತ್ರ ಟೇಪು ನುಂಗಿತು. ಸಾಬರು
ಬ್ಲೇಡಿನಲ್ಲಿ ಕತ್ತರಿಸಿ, ಅಂಟು ಪಟ್ಟಿಯಲ್ಲಿ ಕೂಡಿಸಿದರು.
ಬೆರಳಗಲದ ಹಾಡು ಹೋಯಿತು.
ನೂಲಿನ ಗಂಟು ಬಟ್ಟೆಯಲ್ಲಿ ಕಾಣಬಾರದು ಎನ್ನುತ್ತಿದ್ದ ಮನುಷ್ಯ
ಆ ಸಂಜೆ ಚಹಾ ಕುಡಿಯಲಿಲ್ಲ.
ಅಂದಿನಿಂದ ಅವಳು ಆ ಸಾಲಿನಲ್ಲಿ
ಒಂದು ಮಾತಿನ ಅರ್ಧದಿಂದ ಇನ್ನೊಂದಕ್ಕೆ ನೆಗೆಯುತ್ತಾಳೆ.

ಮಿಲ್ಲು ಮುಚ್ಚಿತು. ಸಾಬರು ಆಜಾದ್ ನಗರದಲ್ಲಿ
ಮಿಕ್ಸರ್ ರಿಪೇರಿ ಮಾಡುತ್ತಾ ಮುದುಕರಾಗಿ, ತೀರಿಕೊಂಡರು.
ಸ್ಪ್ಯಾನರು ಮಗ ಮಾರಿದ. ಕ್ಯಾಸೆಟ್ಟು ನನಗೆ ಬಂದವು,
ಹಾಕಲು ಯಂತ್ರವಿಲ್ಲ.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು.
ಊಟೆಗೆ ಈಗ ಎಪ್ಪತ್ತು ದಾಟಿದೆ,
ಯಾವುದೋ ಸಣ್ಣ ಊರಿನ ಸಭಾಂಗಣ,
ಸ್ಟೂಲಿನ ಮೇಲೆ ಕುಳಿತು ಹಾಡುತ್ತಾಳೆ.
ಎದುರಿಗೆ ನಲವತ್ತು ಜನ ಇದ್ದಾರು.
ನಮ್ಮ ಖಾತೆಯಲ್ಲೂ ಅಷ್ಟೇ.

ಆ ಹಳೆಯ ಹಾಡು ಕೊಯ್ಯದೆ ಹಾಗೇ ಇತ್ತು ಅದರಲ್ಲಿ.
ನಲವತ್ತು ವರ್ಷ ನಾನು ಊಹಿಸಿದ್ದ ಆ ಬೆರಳಗಲ
ಬಂತು. ಅಲ್ಲಿ ಅವಳು ಕೆಮ್ಮುತ್ತಾಳೆ.
ಅಷ್ಟೇ. ಕೆಮ್ಮಿ, ಮುಂದುವರಿಯುತ್ತಾಳೆ.

"ಚಂದ ಐತಾ ಅಜ್ಜಿ?"
ಐತಿ ಅಂದೆ.
ಅಕ್ಕಿ ಆರಿಸುತ್ತಾ ನಾನು ಗುನುಗುವಾಗ ಮಾತ್ರ
ಸಾಬರು ಅಂಟಿಸಿದ ಜಾಗದಲ್ಲಿ ನೆಗೆಯುತ್ತೇನೆ.