ಕೆಂಪಿನ ಕಡೆಗೆ

ಹನ್ನೊಂದು ವರ್ಷ ನಿಜ್ವಾದಲ್ಲಿ
ನಾನು ಮಾಡಿದ್ದು ಒಂದೇ ಕೆಲಸ:
ಮನೆಯೊಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದು.
ಗ್ಯಾಸ್ ತುಂಬಿ, ಫಿಲ್ಟರ್ ತೊಳೆದು, ಬಿಲ್ಲು ಹರಿದು ಕೊಟ್ಟು.
ಕಳೆದ ಗುರುವಾರ ಮೊದಲ ಸಲ
ಬೆಂಕಿಯನ್ನು ಒಂದು ಮನೆಯೊಳಗೆ ಕೂರಿಸಿ ಬಂದೆ.

ಭಾನುವಾರ ಬೆಳಿಗ್ಗೆ ಹಿಲಾಲ್ ಸಾಹೇಬರ ಫೋನು:
"ನಿನ್ನ ಒಲೆ ಹೊಗೆ ಕಾರುತ್ತಿದೆ."
ಒಲೆ ಅವರದು, ಇಟಲಿಯಿಂದ ತರಿಸಿದ್ದು;
ಹೊಗೆ ಬಂದೊಡನೆ ನನ್ನದಾಯಿತು.

ಬಿರ್ಕತ್ ಅಲ್ ಮೌಜ್ ಚೌಕಿಯಲ್ಲಿ ಪೊಲೀಸ
ನಾಲ್ಕೂ ಗಾಲಿ ಎಳೆಯುತ್ತವೆಯೇ ಎಂದು ಕೇಳಿದ.
ಮೊಫಿಜುಲ್ ಏಣಿಯ ಹಗ್ಗ ಮತ್ತೊಮ್ಮೆ ಬಿಗಿದ.
ಎರಡು ಸಾವಿರ ಮೀಟರು ಮೇಲೆ, ಸೈಕ್‌ನಲ್ಲಿ,
ದಾಳಿಂಬೆ ಗಿಡಗಳು ಎಲೆ ಕಳಚಿ ನಿಂತಿದ್ದವು,
ನೀರಿನ ತೊಟ್ಟಿಯ ಅಂಚಿಗೆ ತೆಳ್ಳಗೆ ಮಂಜುಗಡ್ಡೆ.

ಮೊದಲು ಅಂದೆ: ಹೊಸ ಬಣ್ಣ, ಸಾಹೇಬರೇ,
ಮೊದಲ ಕಾವಿಗೆ ಕಮಟು ಬಿಡುತ್ತದೆ, ತಾನೇ ಹೋಗುತ್ತದೆ.
"ಮೂರು ದಿನ ಆಯಿತು," ಅಂದರು. ಕೆಮ್ಮಿದರು.
ಸುಮ್ಮನಾದೆ.

ಗುಳಿಗೆಯ ಚೀಲಕ್ಕೆ ಕೈ ಹಾಕಿದೆ.
ಒಂದನ್ನು ಮುರಿದೆ, ಟಪ್ಪೆಂದಿತು; ಒಣಗಿಯೇ ಇದೆ.
ಮೂಸಿದ್ದೇ ತಡ, ದಾಂಡೇಲಿಯ ಸಾಮಿಲ್ಲು
ಮೂಗಿನೊಳಗೆ ಗರಗಸ ಚಾಲೂ ಮಾಡಿತು.
ಅಪ್ಪ ಹೊತ್ತು ತರುತ್ತಿದ್ದ ಮರದ ಹೊಟ್ಟು:
ಡಬ್ಬದ ನಡುವೆ ಬಾಟಲಿ ನಿಲ್ಲಿಸಿ
ಸುತ್ತ ಹೊಟ್ಟು ಒತ್ತಿ ಒತ್ತಿ ತುಂಬಿ
ಬಾಟಲಿ ಮೆಲ್ಲಗೆ ತಿರುವಿ ಮೇಲಕ್ಕೆಳೆದರೆ
ಉಳಿದ ತೂತೇ ಒಲೆ.
ಸಡಿಲ ತುಂಬಿದರೆ ಕುಸಿದು ಹೊಗೆ,
ಹಸಿ ತುಂಬಿದರೂ ಹೊಗೆ.
ಅಮ್ಮ ಒಲೆಗೆ ಬೈದದ್ದು ನಾನು ಕೇಳಿಲ್ಲ.
"ಇವತ್ತು ತುಂಬಿದ್ದು ಯಾರು?" ಅನ್ನುತ್ತಿದ್ದಳು.

ಬೂದಿ ಬಟ್ಟಲು ತೆಗೆದೆ, ತೂತುಗಳು ತೆರೆದೇ ಇವೆ.
ಬಾಗಿಲಿಗೆ ನೂರು ಬೈಸಾ ನೋಟು ಸಿಕ್ಕಿಸಿ ಎಳೆದೆ,
ನಾಲ್ಕೂ ಕಡೆ ಕಚ್ಚಿ ಹಿಡಿಯಿತು.
ಹೊರಗೆ ಏಣಿಯ ಮೇಲಿಂದ ಮೊಫಿಜುಲ್ ಕೂಗಿದ:
ಕೊಳವೆಯ ಬಾಯಲ್ಲಿ ಗೂಡಿಲ್ಲ, ಹಕ್ಕಿಯಿಲ್ಲ, ಏನೂ ಇಲ್ಲ.
ಒಂದು ಹಕ್ಕಿಯಾದರೂ ಇರಬಾರದಿತ್ತೇ.

ಅಷ್ಟರಲ್ಲಿ ಶಂಸಾ ಅಜ್ಜಿ,
ಪ್ರತಿ ಏಪ್ರಿಲ್ ಮಣ್ಣಿನ ಭಟ್ಟಿಯ ಮುಂದೆ ಕೂತು
ಗುಲಾಬಿ ನೀರು ಇಳಿಸಿ ಇಳಿಸಿ ಕಣ್ಣು ಮಂಜಾದವರು,
ನಮ್ಮ ಪರದಾಟಕ್ಕೆ ಬೇಸತ್ತು
ವಾಸನೆಯಾದರೂ ಹೋಗಲೆಂದು ಧೂಪದ ಕುಂಡ ತಂದಿಟ್ಟರು.
ಒಂದು ಹರಳು ಲೋಬಾನ.
ಒಲೆಯ ಫ್ಯಾನು ಒಳಗೊಳಗೇ ತಿರುಗುತ್ತಿತ್ತು.
ಧೂಪದ ಎಳೆ ನೂಲಿನಂತೆ ನೆಟ್ಟಗೆ ಎದ್ದು
ಒಲೆಯ ಹಿಂದಕ್ಕೆ ಹೋದದ್ದೇ
ಯಾರೋ ತುಟಿ ಚೂಪು ಮಾಡಿ ಊದಿದಂತೆ ಚದುರಿತು.

ಕುಂಡವನ್ನು ಅಲ್ಲೇ ಇಟ್ಟೆ. ಮತ್ತೆ ಚದುರಿತು.
ಕೈಗನ್ನಡಿ ಕೇಳಿ, ತೂರಿಸಿ ನೋಡಿದೆ:
ಕೊಳವೆಯ ಜೋಡು, ಗೋಡೆಯ ಕಡೆ,
ಅರ್ಧ ಬೆರಳಷ್ಟು ಸೀಲೆಂಟ್ ಇಲ್ಲ.
ಅದು ನಿಂತ ಜಾಗದಲ್ಲಿ ನನ್ನ ಹೆಬ್ಬೆಟ್ಟು,
ಸಂಬಳದ ಪುಸ್ತಕದಲ್ಲಿ ಒತ್ತಿದಷ್ಟು ಸ್ಪಷ್ಟ.
ಗುರುವಾರ ಕತ್ತಲಿಗೆ ಮೊದಲು ಘಾಟಿ ಇಳಿಯಬೇಕಿತ್ತು.
ಗೋಡೆಯ ಕಡೆ ಯಾರು ನೋಡುತ್ತಾರೆ ಅಂದುಕೊಂಡಿದ್ದೆ.

"ಇಟಲಿಯವರಿಗೆ ದೂರು ಬರೆಯಲೇ?" ಸಾಹೇಬರು ಕೇಳಿದರು.
ಹೌದು ಅನ್ನಬಹುದಿತ್ತು. ಇಟಲಿ ಬಹಳ ದೂರ.
ಕನ್ನಡಿ ಅವರ ಕೈಗೆ ಕೊಟ್ಟೆ.
ಅವರು ಬಗ್ಗಿ ನೋಡಿದರು, ತುಂಬಾ ಹೊತ್ತು.
"ಊಟ ಮಾಡಿ ಹೋಗಿ," ಅಂದರು.

ಜೋಡು ಬಿಚ್ಚಿ, ಕೆರೆದು, ಸುತ್ತಲೂ ಬಳಿದು
ಒಣಗುವ ತನಕ ಕಾದು ಹಚ್ಚಿದಾಗ ಸಂಜೆ.
ಹೊಗೆಯಿಲ್ಲ. ಅಜ್ಜಿ ಚಾಪೆ ಎಳೆದು ಹತ್ತಿರ ಬಂದರು,
ಧೂಪದ ಕುಂಡಕ್ಕೆ ಇನ್ನೊಂದು ಹರಳು ಹಾಕಿದರು.

ಇಳಿಯುವಾಗ ಲೋ ಗೇರು, ಚಳಿಗೆ ಬೆರಳು ಸೆಟೆದು.
ವ್ಯಾನಿನ ಗುಂಡಿ ಹನ್ನೊಂದು ವರ್ಷದಿಂದ
ನೀಲಿಯಲ್ಲೇ ನಿಂತಿತ್ತು.
ಬಲಕ್ಕೆ, ಕೆಂಪಿನ ಕಡೆಗೆ ತಿರುಗಿಸಿದೆ.
ಬಿಸಿಗಾಳಿ ಬಂತು; ಹಿಂದೆಯೇ ಸುಟ್ಟ ಧೂಳಿನ ಕಮಟು.
ಮೊಫಿಜುಲ್ ಮೂಗರಳಿಸಿ ನನ್ನನ್ನೇ ನೋಡಿದ.
"ಮೊದಲ ಕಾವು," ಅಂದೆ. "ತಾನೇ ಹೋಗುತ್ತದೆ."
ಅವನು ಕಿಟಕಿ ಇಳಿಸಿದ.