ಐದನೆಯ ತುಂಡು

ಒಂದು ಅಳತೆಗೆ ಐದು ತುಂಡು. ನಿಯಮ ಹಾಗಿದೆ.
ನಾಲ್ಕು ಮುರಿದಾಯಿತು.
ಐದನೆಯದನ್ನು ಯಂತ್ರದ ದವಡೆಗೆ ಕೊಡುವ ಮುಂಚೆ
ನೂರೈನ್ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ:
ಮಬ್ಬು ಜೇನಿನ ಬಣ್ಣದ ಎಪಾಕ್ಸಿ,
ಒಳಗೆ ಅಡ್ಡಾದಿಡ್ಡಿ ಮಲಗಿದ ಕತ್ತಾಳೆ ನಾರು,
ಸಂದಿಗೊಂದಿಯಲ್ಲೆಲ್ಲ ಬಳಪದ ಕಲ್ಲಿನ ಪುಡಿ.
ನಡು ಸಣ್ಣ, ತುದಿ ಅಗಲ.
ನಾಯಿಮೂಳೆ ಅನ್ನುತ್ತೇವೆ ಇದನ್ನು.
ಇಪ್ಪತ್ತಾರು ವರ್ಷದಿಂದ ಈ ಲ್ಯಾಬಿನಲ್ಲಿ ಮುರಿಯುವುದೇ ನನ್ನ ಕೆಲಸ,
ಕಬ್ಬಿಣ, ಕಾಂಕ್ರೀಟು, ಹಿತ್ತಾಳೆ.
ನಾರನ್ನು ಕೊಟ್ಟದ್ದು ಇದೇ ಮೊದಲು.

ಪುಡಿ ಹಳೇಬೀಡಿನದು.
ಶೆಡ್ಡಿನಲ್ಲಿ ಕೂತ ಸೋಮಾಚಾರ್ರು ಉಳಿ ಕೆಳಗಿಡದೆ ಕೇಳಿದರು:
"ಪಾತ್ರೆ ತಿಕ್ಕೋಕಾ ಮಗಳೇ?"
ಅಲ್ಲ, ಅಂಟಿಗೆ ಬೆರೆಸೋಕೆ, ಅಂದಳು.
"ಯಾವುದಾದರೇನು, ತಗೊಂಡು ಹೋಗು.
ಮೇಲಿನದು ಕಾಲ್ಗೆಜ್ಜೆ ಕೆತ್ತಿದ ಪುಡಿ, ನಯ.
ತಳದ್ದು ಆನೆಯ ಹೊಟ್ಟೆ ಬಿಡಿಸಿದ್ದು, ತರಿ. ಜರಡಿ ಹಿಡಿ."
ಚೀಲಕ್ಕೆ ಕಾಸು ತಗೊಳ್ಳಲಿಲ್ಲ.
ಬಸ್ಸಿನ ಕಂಡಕ್ಟರು ಮಾತ್ರ ಲಗೇಜು ಟಿಕೆಟ್ ಹರಿದ.

ನಾರು ನಮ್ಮೂರಿನದು, ದುಡ್ಡದ ಆಚೆ,
ಬೇಲಿಯ ಕತ್ತಾಳೆ.
ಅವ್ವ, ಕೆಂಚವ್ವ, ಪಟ್ಟೆಗಳನ್ನು ಕೆರೆಯ ಹೂಳಿನಲ್ಲಿ ಹುಗಿದು
ಹದಿನೆಂಟು ದಿನ ಕೊಳೆಸಿ
ಬಂಡೆಗೆ ಬಡಿದು ಬಿಳಿ ಮಾಡುತ್ತಿದ್ದಳು.
ಆ ವಾಸನೆಗೆ ಶಾಲೆಯಲ್ಲಿ ನನ್ನ ಪಕ್ಕ
ಯಾರೂ ಕೂರುತ್ತಿರಲಿಲ್ಲ.
ನೂರೈನ್ ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾಳೆ, ನಾಲ್ಕು ಗಂಟೆ.
"ಮೇಲಿನ ಮೇಣ ಹೋಗ್ಬೇಕು ಸಾರ್, ಆಗಲೇ ಅಂಟು ಹಿಡಿಯೋದು."
ಅವ್ವ ಬೂದಿನೀರು ಹಾಕುತ್ತಿದ್ದಳು.

ಹಗ್ಗ ಗಟ್ಟಿಯೇ ಎಂದು ಅವಳು ನೋಡುತ್ತಿದ್ದ ಬಗೆ:
ಹುಣಸೆ ಕೊಂಬೆಗೆ ಕಟ್ಟಿ, ನನ್ನನ್ನು ಜೋತುಬಿಟ್ಟು
"ಕುಣಿ" ಅನ್ನುವುದು.
ಹರಿಯದಿದ್ದರೆ ಸಂತೆಗೆ.
ಹರಿದರೆ ನನ್ನ ಮೊಣಕೈಗೆ ಅರಿಶಿನ.
ಅಳತೆಯ ಮಾನ: ಒಬ್ಬ ಹುಡುಗ.

ಇಲ್ಲಿ ಪರದೆಯ ಮೇಲೆ ಗೆರೆ ಏರುತ್ತದೆ.
ಪುಡಿಯಿಲ್ಲದ್ದು ಬೇಗ ಸೋತಿತು.
ನೂರಕ್ಕೆ ಐದು ಪುಡಿ, ಪರವಾಗಿಲ್ಲ.
ಹತ್ತಕ್ಕೆ ಗೆರೆ ಎಷ್ಟು ಮೇಲೆ ಹೋಯಿತೆಂದರೆ
ನೂರೈನ್ ಚಪ್ಪಾಳೆ ತಟ್ಟಿದಳು.
ಹಾಗಾದರೆ ಹದಿನೈದು ಇನ್ನೂ ಗಟ್ಟಿ ಅಂದುಕೊಂಡೆವು.
ಹದಿನೈದು ಬಿಸ್ಕತ್ತಿನ ಹಾಗೆ ಮುರಿಯಿತು.
ಪುಡಿ ಪುಡಿಯನ್ನೇ ಹುಡುಕಿಕೊಂಡು ಹೋಗಿ
ಗುಂಪು ಕಟ್ಟಿತ್ತು. ಅಂಟಿಗೆ ಒಳಗೆ ದಾರಿಯಿರಲಿಲ್ಲ.
ಒಂದೇ ಜಾತಿ, ಒಂದೇ ಮೂಲೆ,
ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ.
ಊರಿನ ಮದುವೆ ಊಟದ ಪಂಕ್ತಿಗಳು ನೆನಪಾದವು.

ಈಗ ಮತ್ತೆ ಹತ್ತಕ್ಕೇ ಬಂದಿದ್ದೇವೆ, ಹೊಸ ಎರಕ.
ದವಡೆ ಕಚ್ಚಿತು. ನಿಮಿಷಕ್ಕೆ ಎರಡು ಮಿಲಿಮೀಟರು.
ಇಷ್ಟು ನಿಧಾನವಾಗಿ ಯಾರೂ ಯಾರನ್ನೂ ಎಳೆಯುವುದಿಲ್ಲ.
ಮೊದಲು ಚಿಟ್ ಎಂದಿತು,
ಅಂಟು ಬಿರಿದದ್ದು.
ಗೆರೆ ಬೀಳಲಿಲ್ಲ.
ಬಿರುಕಿನ ಎರಡೂ ದಡದಲ್ಲಿ ನಾರು ಹಿಡಿದುಕೊಂಡಿದೆ,
ಬಾವಿಗೆ ಬಿದ್ದವನ ರಟ್ಟೆ ಹಿಡಿದವರ ಹಾಗೆ.
ಆಮೇಲೆ ಒಂದೊಂದಾಗಿ,
ಟಪ್.
ಟಪ್.

ಮುರಿದ ಮುಖವನ್ನು ಭೂತಗನ್ನಡಿಯ ಕೆಳಗಿಟ್ಟೆವು.
ಕೆಲವು ನಾರು ತುಂಡಾಗಿವೆ, ತುದಿ ಕುಂಚದಂತೆ ಕೆದರಿ.
ಕೆಲವು ತುಂಡಾಗಿಯೇ ಇಲ್ಲ,
ಇದ್ದ ಹಾಗೇ ಜಾರಿ ಹೊರಬಂದಿವೆ;
ಆಚೆ ಬದಿಯಲ್ಲಿ ಅವುಗಳ ಅಳತೆಯದೇ ಒಂದೊಂದು ತೂತು.
"ಇವು ಸರಿಯಾಗಿ ಅಂಟಿರಲಿಲ್ಲ ಸಾರ್."
ನೂರೈನ್ ಬರೆದುಕೊಳ್ಳುತ್ತಾಳೆ: ದೋಷ.

ಇರಬಹುದು.
ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಅವ್ವನ ನಾರಿಗೆ ಹೂವಿನ ಸಂಗ ಸಿಕ್ಕಿರಲಿಲ್ಲ,
ಗೂಟ, ನೊಗ, ಬಾವಿಯ ಬಿಂದಿಗೆಯ ಕುತ್ತಿಗೆ, ಅಷ್ಟೇ.
ಇದು ಕಲ್ಲಿನ ಸಂಗಡ ಹಾಸನಕ್ಕೆ ಬಂದು
ನಲವತ್ತೊಂದು ಮೆಗಾಪ್ಯಾಸ್ಕಲ್ ಅಂತ
ಹೆಸರಿನ ಮುಂದೆ ಬರೆಸಿಕೊಂಡಿದೆ.

ಜಾರಿಬಂದ ಒಂದು ಎಳೆಯನ್ನು ಚಿಮಟದಲ್ಲಿ ಕಿತ್ತು
ಮೂಗಿನ ಹತ್ತಿರ ಹಿಡಿದೆ.
ಕೆರೆ ಇಲ್ಲ. ಎಪಾಕ್ಸಿಯ ಘಾಟು.
ತೊಡೆಯ ಮೇಲಿಟ್ಟು ಅಂಗೈಯಲ್ಲಿ ಹೊಸೆದೆ.
ಪ್ಯಾಂಟಿನ ಬಟ್ಟೆ ನುಣುಪು, ಎಳೆ ನಿಲ್ಲಲಿಲ್ಲ.
"ಸಾರ್," ಅಂದಳು ನೂರೈನ್,
"ಅದು ಸ್ಯಾಂಪಲ್ಲು."