ಬೀಗದ ದಿಮ್ಮಿ

ಔಲು ಪಟ್ಟಣದಲ್ಲಿ ನವೆಂಬರಿನ ಮಧ್ಯಾಹ್ನ ಮೂರಕ್ಕೇ ಕತ್ತಲು.
ತಾತ ಬೂಟು ಬಿಚ್ಚಿ, ಪ್ರಯೋಗಾಲಯದ ನೀಲಿ ಚೀಲ ಕಾಲಿಗೆ ತೊಟ್ಟು
ಸೂಕ್ಷ್ಮದರ್ಶಕದ ಮುಂದೆ ಕೂತ.
ಉಸಿರಿನಲ್ಲಿ ಕಾಫಿ, ಕೋಟಿನಲ್ಲಿ ಡಾಂಬರು.
'ತೋರಿಸು ಔನೆ, ಹನ್ನೊಂದು ವರ್ಷದಿಂದ
ಅದೇನು ಕಾಯುತ್ತಾ ಕೂತಿದ್ದೀಯ.'

ತೋರಿಸಿದೆ: ತಟ್ಟೆಯ ತಳಕ್ಕೆ ಅಂಟಿದ ಜೀವಕೋಶಗಳ ಒಂದೇ ಪದರ,
ನಡುವೆ ಬೆಳಿಗ್ಗೆ ನಾನೇ ಗೀರಿದ ಗಾಯ,
ಹಳದಿ ಪ್ಲಾಸ್ಟಿಕ್ ಮೊನೆಯಿಂದ, ಕೂದಲೆಳೆಯ ಆರೆಂಟು ಪಟ್ಟು ಅಗಲ.
ಎರಡು ದಡ.
ದಡವೇ ನಡೆದು ಬರುತ್ತಿದೆ.

ತಾತ ಹೇಳಿದ: ಮೇ ತಿಂಗಳು, ಕೆಮಿ ನದಿಯ ತಿರುವು,
ಮೂವತ್ತು ಸಾವಿರ ದಿಮ್ಮಿ ಒಂದರ ಮೇಲೊಂದು ಹತ್ತಿ ನಿಂತವು.
ಕೆಳಗೆ ನೀರು ಗುರುಗುಟ್ಟುತ್ತದೆ, ಮೇಲೆ ಒಂದೂ ಮಿಸುಕದು.
ಕೊಕ್ಕೆಕೋಲು ಹಿಡಿದು ನಾವು ಹುಡುಕುವುದು ಒಂದನ್ನೇ,
ಬೀಗದ ದಿಮ್ಮಿ. ಅದನ್ನೆಳೆದರೆ ಎಲ್ಲ ಹೊರಡುತ್ತದೆ,
ಎಳೆದವನು ಓಡಬೇಕು.
ತೆನ್ಹೋ ಓಡಿದ್ದು ಸಾಲಲಿಲ್ಲ.

'ಇಲ್ಲಿ ಬೀಗದ್ದು ಯಾವುದು?'

ನಾನೂ ನಾಲ್ಕು ವರ್ಷ ಅದನ್ನೇ ಹುಡುಕಿದೆ, ತಾತ.
ಅಂಚಿನಲ್ಲಿ ಅಗಲ ಪಾದ ಚಾಚಿದ ದೊಡ್ಡದೊಂದನ್ನು
ಮುಂದಾಳು ಎಂದು ಕರೆದು, ಚಿತ್ರ ತೆಗೆದು ಗೋಡೆಗಂಟಿಸಿದೆ.
ಆಮೇಲೆ ಮೆತ್ತನೆ ಜೆಲ್ಲಿಯ ಮೇಲೆ ಬೆಳೆಸಿದೆವು,
ಜೆಲ್ಲಿಯೊಳಗೆ ಹೊಳೆವ ಮಣಿ.
ಮಣಿ ಎಷ್ಟು ಸರಿಯಿತೋ ಅಷ್ಟು ಎಳೆತ.
ಮುಂದಾಳಿನ ಹಿಂದೆ, ಹತ್ತನೆಯ ಸಾಲಿನಲ್ಲೂ, ಮಣಿ ಸರಿದಿತ್ತು.
ಬಯಲೇ ಕಾಣದ ಅಲ್ಲಿಯವೂ ನೆಲ ಕಚ್ಚಿ
ಪಕ್ಕದ್ದರ ತೋಳು ಬಿಡದೆ ಎಳೆಯುತ್ತಿದ್ದವು.
ಹಗ್ಗಜಗ್ಗಾಟ, ಆದರೆ ಹಗ್ಗವೂ ಅವೇ.

ಕಿಕ್ಕಿರಿದಾಗ ಇವೂ ಸಿಕ್ಕಿಬೀಳುತ್ತವೆ, ಗಾಜಿನ ಹಾಗೆ ಗಟ್ಟಿ.
ಬಿಡಿಸಲು ಒಂದನ್ನೂ ಕೀಳಬೇಕಿಲ್ಲ.
ಬಿಗಿದು ದುಂಡಗೆ ಕೂತವು ಕೊಂಚ ಉದ್ದಕ್ಕೆಳೆದುಕೊಂಡರೆ ಸಾಕು:
ಸುತ್ತಳತೆಯನ್ನು ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸು,
ಮೂರು ದಶಾಂಶ ಎಂಟು ಒಂದನ್ನು ದಾಟಿತೋ,
ಅಷ್ಟೇ ಇಕ್ಕಟ್ಟಿನಲ್ಲಿ, ಎಳ್ಳಷ್ಟೂ ಹೆಚ್ಚು ಜಾಗವಿಲ್ಲದೆ
ಇಡೀ ಪದರ ಹರಿಯುತ್ತದೆ.

'ದಿಮ್ಮಿ ಆಕಾರ ಬದಲಿಸೋದಿಲ್ಲ,' ಎಂದ, ಸ್ವಲ್ಪ ಸಿಟ್ಟಿನಿಂದ,
ಎಡಗೈ ಹೆಬ್ಬೆರಳು ಉಜ್ಜಿಕೊಂಡ. ಅಲ್ಲೊಂದು ಬಿಳಿ ಗೆರೆ,
ಕೊಡಲಿಯದು, ನನ್ನಮ್ಮ ಹುಟ್ಟುವ ಮೊದಲಿನದು.
ಯಾರು ಹೊಲಿದರು?
'ಯಾರೂ ಇಲ್ಲ. ಬಟ್ಟೆ ಸುತ್ತಿ ಕೆಲಸಕ್ಕೆ ಹೋದೆ.'

ಸ್ವಲ್ಪ ಹೊತ್ತಿಗೆ: 'ಇವು ಯಾವ ಪ್ರಾಣಿಯವು?'
ನಾಯಿಯವು. ಮೂತ್ರಪಿಂಡದ್ದು.
ಅಮೆರಿಕದಲ್ಲಿ, ಐವತ್ತೆಂಟನೆಯ ಇಸವಿಯ ಒಂದು ಹೆಣ್ಣು ನಾಯಿ.
ಅವತ್ತಿನಿಂದ ಒಂದು ಎರಡಾಗಿ, ಎರಡು ನಾಲ್ಕಾಗಿ
ತಟ್ಟೆಯಿಂದ ತಟ್ಟೆಗೆ ನಡೆಯುತ್ತಲೇ ಇವೆ.
ತಾತ ಮಸೂರದಿಂದ ಕಣ್ಣು ತೆಗೆಯಲಿಲ್ಲ.
'ಹೆಸರು?'
ನನಗೆ ಸಿಕ್ಕ ಕಾಗದಗಳಲ್ಲಿ ಇಲ್ಲ.

ಆರೂಕಾಲಕ್ಕೆ ದಡಗಳು ಮುಟ್ಟಿದವು.
ಮುಟ್ಟಿದ್ದೇ ತಡ ಎರಡೂ ಕಡೆಯವು ನಿಂತವು,
ಯಾರೂ ಹೇಳದೆ.
ತಾತ ಉಣ್ಣೆಯ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ.
ತೆನ್ಹೋಗೋ, ನಾಯಿಗೋ, ಒಳಗಿನ ಸೆಕೆಗೋ,
ನಾನು ಕೇಳಲಿಲ್ಲ.